ಎದುರಿನ ಕುರ್ಚಿ

ಬಟ್ಟಲಲ್ಲಿ ಕಲಸಿದ್ದ ವಿಭೂತಿಗೆ ಮೂರು ಬೆರಳು ಅದ್ದಿ ಚಂದಮ್ಮ ಗಂಡನ ಹಣೆಗೆ ಎಳೆಯುತ್ತಿದ್ದಾಗಲೇ ಮನೆಯ ಮುಂದೆ ಟಂಟಂ ಆಟೋ ಬಂದು ನಿಂತಿತು. ಅಣವೀರಪ್ಪನಿಗೆ ಸ್ನಾನ ಮಾಡಿಸಿ, ಬಿಳಿ ಅಂಗಿ ತೊಡಿಸಿ, ಎಡಗೈಯಲ್ಲಿ ಲಿಂಗ ಇಟ್ಟು ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿದ್ದರು. ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ, ಕೂತಂತೆಯೇ ಮಣ್ಣು ಮಾಡುತ್ತಾರೆ. ಟಂಟಂನಿಂದ ಆರು ಮಂದಿ ಇಳಿದರು. ಅವರಲ್ಲಿ ಒಬ್ಬರ ಗುರುತೂ ಚಂದಮ್ಮನಿಗೆ ಸಿಗಲಿಲ್ಲ.

ನೆಂಟರಂತೂ ಅಲ್ಲ. ಗಂಡನ ಜೊತೆ ಸೈನ್ಯದಲ್ಲಿದ್ದ ಫೌಜಿನವರೆನ್ನಲು ನಿಲುವು ಹಾಗಿಲ್ಲ. ಗಂಜಿ ಹಾಕಿದ ಕಾಟನ್ ಸೀರೆಯ ಹಿರಿಯಾಕೆ ಒಬ್ಬರು, ಗಡ್ಡಕ್ಕೆ ಮೆಹಂದಿ ಹಚ್ಚಿದ ಮುದುಕ ಒಬ್ಬ, ಸೆರಗಿಗೆ ಮೆಂತ್ಯದ ಎಲೆ ಅಂಟಿಸಿಕೊಂಡೇ ಬಂದ ಕಾಯಿಪಲ್ಲೆಯವಳು ಒಬ್ಬಳು, ಮತ್ತೆ ಮೂವರು ಕಾಲೇಜಿನ ವಯಸ್ಸಿನವರು. ಇಂಥ ಆರು ಮಂದಿಯನ್ನು ಒಂದೇ ಗಾಡಿಗೆ ಹತ್ತಿಸಿದವರು ಯಾರಪ್ಪಾ ಅನ್ನಬೇಕು, ಹಾಗಿತ್ತು ಆ ಗುಂಪು. ಸಾಲದ್ದಕ್ಕೆ ಎಲ್ಲರ ಕಂಕುಳಲ್ಲೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದೊಂದು ಹಲಗೆ. ಸಾವಿನ ಮನೆಗೆ ಹೂವಿನ ಹಾರ ತರುವವರನ್ನು ಕಂಡಿದ್ದಳು, ಹಲಗೆ ತರುವವರನ್ನು ಚಂದಮ್ಮ ಇವತ್ತೇ ಕಂಡದ್ದು.

ಮೈದುನ ಸುನೀಲಕುಮಾರ ಹತ್ತಿರ ಬಂದು, ಅಣ್ಣನ ಫೋನಿನಲ್ಲಿದ್ದ ಎಲ್ಲ ನಂಬರಿಗೂ ಸುದ್ದಿ ಹಾಕಿದ್ದೆ, ಯಾರೋ ಏನೋ ಎಂದು ಪಿಸುಗುಟ್ಟಿ ಹೋದ.

ಬೆಳಗಿನಿಂದ ಚಂದಮ್ಮನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ನಿನ್ನೆ ಐತವಾರ ಸಂಜೆ ಕಲಬುರಗಿಯಿಂದ ಬಂದು, ಚಪ್ಪಲಿ ಬಿಡುತ್ತಾ ಅಣವೀರಪ್ಪ ಹೇಳಿದ್ದ: "ಚಂದಮ್ಮಾ, ಇವತ್ತ ನಾ ಕುಂತಿದ್ದೆ ನೋಡು."

ಎಲ್ಲಿ ಕುಂತಿದ್ರಿ, ಯಾಕ ಕುಂತಿದ್ರಿ ಎಂದು ಆಕೆ ಕೇಳಲಿಲ್ಲ. ಸಿಟ್ಟಿನಲ್ಲಿದ್ದಳು. ಊಟದ ತಾಟು ಅವನ ಮುಂದೆ ಸರಿಸಿ ಒಳಗೆ ಹೋದಳು. ಬೆಳಿಗ್ಗೆ ಚಹಾಕ್ಕೆ ಎಬ್ಬಿಸಲು ಹೋದರೆ ಮೈ ತಣ್ಣಗಿತ್ತು. ನಿದ್ದೆಯಲ್ಲೇ ಎದೆ ನಿಂತಿದೆ ಎಂದರು ಡಾಕ್ಟರು. ಒಂದೇ ಒಂದು ಮಾತು ಕೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಈಗ ಆ ಮನುಷ್ಯ ಎದುರಿಗೇ ಕೂತಿದ್ದಾನೆ, ಎಷ್ಟು ಕೇಳಿದರೂ ಹೇಳುವುದಿಲ್ಲ.

*

ಇಪ್ಪತ್ತನಾಲ್ಕು ವರ್ಷ ಅಣವೀರಪ್ಪ ಫೌಜಿನಲ್ಲಿದ್ದ. ವರ್ಷಕ್ಕೆ ಎರಡು ತಿಂಗಳು ರಜೆಗೆ ಬಂದರೆ ಅದೇ ಸಂಸಾರ. ಹಿಮದಲ್ಲಿ ಎಡಗಾಲಿನ ಎರಡು ಬೆರಳು ಹೋದ ಮೇಲೆ ಅವನನ್ನು ಬೋರ್ಡು ಬರೆಯುವ ಕೆಲಸಕ್ಕೆ ಹಾಕಿದರು. ಅಲ್ಲಿ ಹತ್ತಿದ ಬಣ್ಣದ ಹುಚ್ಚು ಪಿಂಚಣಿ ಬಂದ ಮೇಲೂ ಬಿಡಲಿಲ್ಲ. ಐವತ್ತನೆಯ ವಯಸ್ಸಿಗೆ ಕಲಬುರಗಿಯ ಚಿತ್ರಕಲಾ ಕಾಲೇಜಿಗೆ ಹೆಸರು ಹಚ್ಚಿದ. ಹದಿನೆಂಟರ ಹುಡುಗರ ನಡುವೆ ಬೆನ್ನಿಗೆ ಚೀಲ ಏರಿಸಿಕೊಂಡು ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತವನನ್ನು ಕಂಡು ಊರು ನಕ್ಕಿತು. ಚಂದಮ್ಮನೂ ನಕ್ಕಳು. ಅದಕ್ಕೇನೂ ಬೇಜಾರಿರಲಿಲ್ಲ.

ಬೇಜಾರಿದ್ದದ್ದು ಐತವಾರದ ಮೇಲೆ. ಕಾಲೇಜಿಗೆ ರಜೆ ಇರುವ ಆ ಒಂದು ದಿನವೂ ಒಂಬತ್ತರ ಬಸ್ಸಿಗೆ ಹೊರಟುಬಿಡುತ್ತಿದ್ದ. ನಾಲ್ಕು ಮಂದಿ ಕೂಡುತ್ತೇವೆ, ಚಿತ್ರ ಬರೆಯುತ್ತೇವೆ, ನೀನೂ ಬಾ ಎಂದು ಪ್ರತಿ ವಾರ ಕರೆಯುತ್ತಿದ್ದ. ಪ್ರತಿ ವಾರ ಆಕೆ ಒಂದೊಂದು ನೆಪ ಹೇಳುತ್ತಿದ್ದಳು: ಮೊಳಕಾಲು ನೋವು, ಹಪ್ಪಳದ ಹಿಟ್ಟು, ತಂಗಿ ಬರುತ್ತಾಳೆ. ತನ್ನನ್ನು ಬಿಟ್ಟು ಹೋಗುವ ಜಾಗಕ್ಕೆ ತಾನೇ ಯಾಕೆ ಹೋಗಬೇಕು?

ನಿನ್ನೆ ಬೆಳಿಗ್ಗೆ ನೆಪಗಳೆಲ್ಲ ತೀರಿ ಸಿಟ್ಟು ಹೊರಬಿತ್ತು.

"ಇಪ್ಪತ್ನಾಕು ವರ್ಷ ನಿಮ್ಮನ್ನ ಸರ್ಕಾರಕ್ಕ ಕೊಟ್ಟೀನಿ. ಈಗ ಐತವಾರನೂ ಮಂದಿಗಿ ಕೊಡು ಅಂತೀರಿ. ಈ ಜನ್ಮದಾಗ ನಾ ಅಲ್ಲಿಗಿ ಬರಂಗಿಲ್ಲ. ಇನ್ನ ಕರೀಬ್ಯಾಡ್ರಿ."

ಅಣವೀರಪ್ಪ ಚೀಲ ಬೆನ್ನಿಗೇರಿಸಿಕೊಂಡ. ಬಸ್ಸಿಗೆ ಹೋದ.

*

ಕಾಟನ್ ಸೀರೆಯ ಹಿರಿಯಾಕೆ ಚಂದಮ್ಮನ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು. ನನ್ನ ಹೆಸರು ಪದ್ಮಜಾ, ಪೋಸ್ಟ್ ಆಫೀಸಿನಲ್ಲಿದ್ದೆ, ಮನೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ, ಐತವಾರದ ಕ್ಲಾಸು ನಡೆಯುತ್ತಿದ್ದದ್ದು ನಮ್ಮ ಅಂಗಳದಲ್ಲೇ ಎಂದರು. ಮುದುಕ ಇಮಾಮುದ್ದೀನ್, ಅಲ್ಲಿಯ ಸೂಪರ್ ಮಾರ್ಕೆಟ್ ಪೇಟೆಯ ದರ್ಜಿ. ಬಟ್ಟೆಯ ಮೇಲೆ ಅವನು ಸೀಮೆಸುಣ್ಣದ ಗೆರೆ ಎಳೆಯುವುದನ್ನು ಕಂಡು ಅಣವೀರಪ್ಪ ಅಲ್ಲೇ ಹಿಡಿದು ನಿಲ್ಲಿಸಿದ್ದನಂತೆ, ಈ ಕೈ ಬರೀ ಅಂಗಿ ಹೊಲೆಯುವ ಕೈಯಲ್ಲ ಎಂದು. ಅದೇ ಮಾರ್ಕೆಟ್ಟಿನಲ್ಲಿ ಮೆಂತ್ಯ ಮಾರುವ ಸಾಬಮ್ಮನನ್ನು ಕರೆತಂದವನೂ ಅಣವೀರಪ್ಪನೇ. ಆ ಮೂವರು ಕಾಲೇಜಿನಲ್ಲಿ ಅವನ ಜೊತೆಗೆ ಓದುವವರು. ತಾನೇ ಇನ್ನೂ ಕಲಿಯುತ್ತಿದ್ದವನು ಇವರಿಗೆಲ್ಲ ಕಲಿಸುತ್ತಿದ್ದ. ಪರೀಕ್ಷೆ ಮುಗಿದ ಮೇಲೆ ಕಮಲಾಪುರದ ಈ ಪಡಸಾಲೆಯಲ್ಲೂ ಇಂಥದೇ ಕ್ಲಾಸು ಹಚ್ಚಬೇಕು, ಪಿಂಚಣಿ ಬಂದು ಕಟ್ಟೆ ಕಾಯುತ್ತಿರುವ ಫೌಜಿನವರನ್ನೆಲ್ಲ ಎಳೆದು ತರಬೇಕು ಎಂದು ಎಷ್ಟು ಹೇಳಿಕೊಂಡಿದ್ದನೋ.

ಚಂದಮ್ಮ ಅದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಬೆಳಗಿನಿಂದ ಕಾಡುತ್ತಿದ್ದದ್ದನ್ನು ಕೇಳಿಯೇಬಿಟ್ಟಳು.

"ನಿನ್ನಿ ಇವರು ಎಲ್ಲಿ ಕುಂತಿದ್ರು ರೀ ಬಾಯಿ?"

ಪದ್ಮಜಾಬಾಯಿ ಉಳಿದವರ ಮುಖ ನೋಡಿದರು. ನಮ್ಮ ಕ್ಲಾಸಿಗೆ ಒಂದು ಕಾಯ್ದೆ ಇತ್ತು ಎಂದರು. ಮೊದಲು ಕೂಡಬೇಕು, ಆಮೇಲೆ ಬರೆಯಬೇಕು. ಹೊಸದಾಗಿ ಬಂದವರು ನಡುವಿನ ಕುರ್ಚಿಯಲ್ಲಿ ಅರ್ಧ ತಾಸು ಅಲುಗಾಡದೆ ಕೂಡಬೇಕು, ಸುತ್ತ ಕೂತವರು ಅವರ ಚಿತ್ರ ಬರೆಯುತ್ತಾರೆ. ಮಂದಿಯ ಕಣ್ಣೆದುರು ಕೂಡುವ ಕಷ್ಟ ಗೊತ್ತಾದ ಮೇಲೆಯೇ ಕೈಗೆ ಪೆನ್ಸಿಲ್ಲು. ಕೂಡದೆ ತಪ್ಪಿಸಿಕೊಂಡವನು ಅಣವೀರಪ್ಪ ಒಬ್ಬನೇ. ಬೆರಳು ಹೋದ ಪಾದ ಒಂದೇ ಕಡೆ ಇಟ್ಟರೆ ನಡುಗುತ್ತಿತ್ತು. ಹವಾಲ್ದಾರ್ ಸಾಬ್, ನಿಮ್ಮ ಪಾಳಿ ಯಾವಾಗ ಎಂದು ಎಲ್ಲರೂ ಕಾಡಿದರೆ, ನಮ್ಮನಿಯಾಕಿ ಬಂದ ದಿನ ಎನ್ನುತ್ತಿದ್ದ.

"ನಿನ್ನಿ ಬಂದವರೇ, ನಾ ಇವತ್ತ ಕೂಡ್ತೀನಿ ಅಂದ್ರು," ಎಂದರು ಪದ್ಮಜಾಬಾಯಿ. "ನಾನೇ ಕೂಡ್ಲಿಲ್ಲ ಅಂದ್ರ ಅಕೀಗಿ ಬಾ ಅನ್ಲಿಕ್ಕ ನನಗೇನು ಹಕ್ಕದ ಅಂದ್ರು. ಅರ್ಧಾ ತಾಸು ಕೂತ್ರು. ಕಾಲು ನಡಗ್ತಿತ್ತು, ಬಿಡ್ರಿ ಅಂದ್ರೂ ಏಳಲಿಲ್ಲ."

ಆರೂ ಮಂದಿ ಚೀಲ ಬಿಚ್ಚಿ, ಹಾಳೆ ಹಚ್ಚಿದ ಹಲಗೆಗಳನ್ನು ಒಂದೊಂದಾಗಿ ಚಂದಮ್ಮನ ಮುಂದೆ ಇಟ್ಟರು. ಒಂದರಲ್ಲಿ ಅಣವೀರಪ್ಪನ ಬಲಗೆನ್ನೆ. ಒಂದರಲ್ಲಿ ಎಡಗಿವಿ, ಅದರ ಮೇಲಿನ ಹಳೆಯ ಗಾಯ ಸಮೇತ. ಒಂದರಲ್ಲಿ ಬರೀ ಬೆನ್ನು, ಅಂಗಿಯ ಮಡಿಕೆಗಳು. ಅದು ದರ್ಜಿಯದೇ ಇರಬೇಕು. ಸಾಬಮ್ಮನ ಹಾಳೆಯಲ್ಲಿ ಆ ಪಾದ, ಮೂರೇ ಬೆರಳಿನದು. ಚಂದಮ್ಮ ಆರೂ ಹಾಳೆಗಳನ್ನು ಮತ್ತೊಮ್ಮೆ ತಿರುವಿ ಹಾಕಿದಳು. ಗಂಡನ ಪೂರಾ ಮುಖ ಹುಡುಕುತ್ತಿದ್ದಳು.

"ಇವರ ಮಾರಿ ಎಲ್ಲಿ?"

ಇಮಾಮುದ್ದೀನ್ ಕೈವಸ್ತ್ರದಿಂದ ಕಣ್ಣೊರೆಸಿಕೊಂಡ.

"ಎದುರಿನ ಕುರ್ಚಿ ಖಾಲಿ ಇತ್ರೀ ಅಮ್ಮಾ. ಮೂರು ವರ್ಷದಿಂದ ಖಾಲೀನೇ ಅದ. ಬಾಯಿಯವರು ಅಲ್ಲಿ ಸರಕೊಂಡು ಕೂಡ್ಲಿಕ್ಕ ಹೋದ್ರ ನಿನ್ನಿನೂ ಬಿಡಲಿಲ್ಲ. ಅದು ಅಕೀದು, ಯಾರೂ ಕೂಡಬ್ಯಾಡ್ರಿ ಅಂದ್ರು."

ಚಂದಮ್ಮನಿಗೆ ಅಳು ಕಿತ್ತುಕೊಂಡು ಬಂತು. ಬೆಳಗಿನಿಂದ ಅತ್ತದ್ದು ಮಂದಿಯ ಜೊತೆಗಿನ ಅಳು, ಇದು ಅವಳೊಬ್ಬಳದೇ. ಕರೆಯಬೇಡಿರಿ ಎಂದವಳನ್ನು ಆ ಮನುಷ್ಯ ಸಂಜೆ ಚಪ್ಪಲಿ ಬಿಡುತ್ತಾ, ನಾ ಕುಂತಿದ್ದೆ ಎಂದು ಮತ್ತೆ ಕರೆದಿದ್ದ, ಅವಳು ತಾಟು ಸರಿಸಿ ಎದ್ದು ಹೋಗಿದ್ದಳು.

ಅಳು ನಿಂತ ಮೇಲೆ ಆಕೆ ಕಣ್ಣೊರೆಸಿಕೊಂಡು, ಒಳಗಿನಿಂದ ಇನ್ನೊಂದು ಕುರ್ಚಿ ತಂದು ಗಂಡನ ಎದುರಿಗೆ ಹಾಕೆಂದು ಮೈದುನನಿಗೆ ಹೇಳಿದಳು. ಪದ್ಮಜಾಬಾಯಿಯ ಹತ್ತಿರ ಒಂದು ಖಾಲಿ ಹಾಳೆ, ಪೆನ್ಸಿಲ್ಲು ಕೇಳಿದಳು.

"ವೈನೀ, ಹೊಲದಾಗ ಕುಣಿ ತೋಡಿ ಆಗ್ಯದ. ಮಂದಿ ನೋಡ್ಲತ್ತಾರ, ಏನಂದಾರು?" ಎಂದು ಸುನೀಲಕುಮಾರ ಕ್ರಿಯೆ ಮಾಡಿಸಲು ಬಂದಿದ್ದ ಮಠದ ಅಯ್ಯನವರ ಕಡೆ ತಿರುಗಿದ. ಅಯ್ಯನವರು ಬಿಲ್ವಪತ್ರೆ ಆರಿಸುವುದನ್ನು ಬಿಟ್ಟು ಹೊರಗಿನ ಬಿಸಿಲು ನೋಡಿದರು. ಹೊತ್ತು ಮುಳುಗುವುದಕ್ಕೆ ಇನ್ನೂ ಸಮಯ ಇದೆ, ಚಿತ್ರ ಬರೆಯಬಾರದು ಎಂದು ತಾವು ಎಲ್ಲೂ ಓದಿಲ್ಲ ಎಂದರು. ಕುರ್ಚಿ ಬಂತು.

ಕೂಡುವ ಮೊದಲು ಚಂದಮ್ಮ ಆ ಆರು ಮಂದಿಯ ಕಡೆ ನೋಡಿದಳು.

"ನಿಮ್ಮ ಕಾಯ್ದೆ ಪ್ರಕಾರ ನಾ ಮೊದಲ ಕೂಡಬೇಕು. ಬರೂ ಐತವಾರ ಕೂಡ್ತೀನಿ. ಇಲ್ಲೇ, ಇದೇ ಪಡಸಾಲಿನ್ಯಾಗ. ನೀವೆಲ್ಲಾ ಬರ್ರಿ."

ಆರು ಮಂದಿಯೂ ನಿನ್ನೆ ಎಲ್ಲೆಲ್ಲಿ ಕೂತಿದ್ದರೋ ಹಾಗೆಯೇ ಸುತ್ತ ನೆಲದ ಮೇಲೆ ಕೂತರು. ಇವರ ಕಾಲು ಇವತ್ತ ನಡುಗವಲ್ದು ಎಂದು ಸಾಬಮ್ಮ ತನ್ನಷ್ಟಕ್ಕೆ ಅಂದುಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೊರಗೆ ಭಜನೆಯವರು ತಾಳ ಕೆಳಗಿಟ್ಟು ಬಾಗಿಲಲ್ಲಿ ಇಣುಕಿದರು.

ಚಂದಮ್ಮ ಗಂಡನ ಮುಖ ನೋಡಿದಳು. ರಜೆ ಮುಗಿಸಿ ಹೊರಡುವ ಮುಖ ನೋಡಿದ್ದಳು, ಬಸ್ಸಿಗೆ ಅವಸರಪಡುವ ಮುಖ ನೋಡಿದ್ದಳು, ಇಷ್ಟು ಹೊತ್ತು ಒಂದೇ ಕಡೆ ಕೂತು ನೋಡಿರಲಿಲ್ಲ. ಬೆರಳಿನ ವಿಭೂತಿ ಪೆನ್ಸಿಲ್ಲಿಗೆ ಹತ್ತಿತು. ಕಣ್ಣು ಎಲ್ಲಿಂದ ಶುರು, ಗದ್ದ ಎಲ್ಲಿಗೆ ಮುಗಿಯುತ್ತದೆ, ಒಂದೂ ತಿಳಿಯಲಿಲ್ಲ. ಹೇಳಿಕೊಡಲು ಬಾಗಿದ ಪದ್ಮಜಾಬಾಯಿ ಹಾಗೇ ಹಿಂದೆ ಸರಿದರು.

ಹಾಳೆಯ ಮೇಲ್ಭಾಗದಲ್ಲಿ, ಒಂದರ ಕೆಳಗೆ ಒಂದರಂತೆ, ಆಕೆ ಮೂರು ಅಡ್ಡಗೆರೆ ಎಳೆದಳು. ದಿನಾ ಬೆಳಿಗ್ಗೆ ತನ್ನ ಹಣೆಗೆ ವಿಭೂತಿ ಎಳೆದುಕೊಳ್ಳುವ ಕೈ. ಮೂರೂ ನೆಟ್ಟಗೆ ಬಂದವು. ಅವುಗಳ ಕೆಳಗೆ ಹಾಳೆ ಪೂರ್ತಿ ಖಾಲಿ ಇತ್ತು.

"ಇನ್ನ ಸ್ವಲ್ಪ ತಡೀರಿ," ಎಂದು ಚಂದಮ್ಮ ಹೊರಗಿನವರಿಗೆ ಹೇಳಿ, ಕತ್ತೆತ್ತಿ ಮತ್ತೆ ಅವನನ್ನು ನೋಡತೊಡಗಿದಳು.