ಗುಂಡಿಯ ‘ಸಾಕು’

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಮಾಡಿದವರು ಒಂದೂವರೆ ವರ್ಷದ ಕೂಸನ್ನು ಕಟ್ಟಿಕೊಂಡು ಥೀಮ್ ಪಾರ್ಕಿಗೆ ಹೋಗಿಬಂದವರೇ ಇರಬೇಕು. ಅಲ್ಲಿನ ಆಟಗಳೆಲ್ಲ ದೊಡ್ಡವರಿಗೆ, ನನ್ನ ತಮ್ಮನ ಮಗಳು ಗುಂಡಿಗೆ ಸಿಗುವುದು ಬಿಸಿಲು ಮತ್ತು ತಳ್ಳುಗಾಡಿ ಅಷ್ಟೇ ಎಂದು ನಾನು ಮೊದಲೇ ಹೇಳಿದ್ದೆ. ತಮ್ಮನ ಮನೆಯಲ್ಲಿ ನನ್ನ ಮಾತಿಗೆ ಕಿವಿಗೊಡುವವರು ಯಾರೂ ಇಲ್ಲ. ನನ್ನ ತಮ್ಮ ಲಿಫ್ಟ್ ರಿಪೇರಿ ಮಾಡುವವನು. ವಾರವಿಡೀ ಮೇಲೆ ಕೆಳಗೆ ಓಡಾಡಿ ಸಂಬಳ ತರುತ್ತಾನೆ, ಭಾನುವಾರ ಅದೇ ಸಂಬಳ ತೆತ್ತು ಇನ್ನಷ್ಟು ಮೇಲೆ ಕೆಳಗೆ ಹೋಗಿಬರಬೇಕು ಅವನಿಗೆ. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಹೆರಿಗೆಯ ರಜೆಗೆ ಇದ್ದಬದ್ದ ರಜೆಯನ್ನೆಲ್ಲ ಜೋಡಿಸಿಕೊಂಡಿದ್ದಳು, ಅದೂ ಮುಗಿದಿತ್ತು. ಸೋಮವಾರ ಕೆಲಸಕ್ಕೆ ಹೋಗಬೇಕು, ಅದಕ್ಕೆ ಮುಂಚೆ ಒಂದು ದಿನ ಎಲ್ಲರೂ ನಗುನಗುತ್ತ ಇರೋಣ ಎಂದು ನಮ್ಮನ್ನು ಹೊರಡಿಸಿದ್ದೇ ಅವಳು.

ಸೋಮವಾರದಿಂದ ಗುಂಡಿಯನ್ನು ನೋಡಿಕೊಳ್ಳುವವರು ಯಾರು? ನಾನೇ ಎಂದು ನಾನು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದೆ. ನಾನು ಬಟ್ಟೆ ಹೊಲಿಯುವವಳು, ಒಂಟಿ ಜೀವ. ಕತ್ತರಿ ಹಿಡಿದು ಕೂದಲು ಬೆಳ್ಳಗಾಯಿತು. ತಿಂಗಳ ಹಿಂದೆಯೇ ಅಂಗಡಿ ಖಾಲಿ ಮಾಡಿ, ಕಾಲಿನಲ್ಲಿ ತುಳಿಯುವ ನನ್ನ ಹಳೆಯ ಮಿಷನ್ನನ್ನು ತಮ್ಮನ ಮನೆಯ ಕಿಟಕಿಯ ಪಕ್ಕಕ್ಕೆ ಸಾಗಿಸಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ನಗುತ್ತಾರಲ್ಲ, ನಾನು ನಿಜವಾಗಿಯೂ ಹೊಲಿದವಳು, ಅದೂ ಎರಡು ಬಣ್ಣದಲ್ಲಿ. ಗುಂಡಿ ಎಂಬ ಹೆಸರೂ ನನ್ನದೇ. ಹುಟ್ಟಿದಾಗ ಅವಳ ಮೂಗು ಅಂಗಿಯ ಗುಂಡಿಯಷ್ಟಿತ್ತು. ಕುಲಾವಿ ಕೂಸಿಗೆ ಸರಿಹೋಯಿತು. ನಾನು ಮಾತ್ರ ಸರಿಹೋಗಲಿಲ್ಲ.

ಅವಳಿಗೆ ಬರುತ್ತಿದ್ದ ಮಾತೇ ಬೆರಳೆಣಿಕೆಯಷ್ಟು. ಅದರಲ್ಲಿ ಒಂದನ್ನು ನನಗೆಂದೇ ಎತ್ತಿಟ್ಟಿದ್ದಳು. ತೊಡೆಯ ಮೇಲೆ ಕೂರಿಸಿಕೊಂಡು ಒಂದೆರಡು ಸಲ ತೂಗಿದೆನೋ ಇಲ್ಲವೋ, ‘ಸಾಕು’ ಎನ್ನುವಳು. ಕಥೆ ಶುರು ಮಾಡಿದರೆ ‘ಸಾಕು’. ಬೆನ್ನ ಮೇಲೆ ಹೊತ್ತರೆ ‘ಸಾಕು’. ಗಿರಾಕಿ ಸಾಕು ಎಂದರೆ ಕತ್ತರಿ ಕೆಳಗಿಡಬೇಕು, ಇನ್ನೊಂದು ಬೆರಳಿನಷ್ಟು ಕತ್ತರಿಸಿದರೆ ಬಟ್ಟೆ ಹಾಳು. ಆ ಶಿಸ್ತು ನನ್ನ ಮೈಯಲ್ಲೇ ಇದೆ. ನಾನು ತಕ್ಷಣ ಅವಳನ್ನು ಕೆಳಗಿಳಿಸುತ್ತಿದ್ದೆ. ಇಳಿಸಿದ ಕೂಡಲೇ ಮನೆ ಹಾರಿಹೋಗುವಂತೆ ಅಳುತ್ತ ಅಮ್ಮನ ಕಡೆ ಓಡುವಳು. ಇಟ್ಟರೂ ತಪ್ಪು, ಎತ್ತಿದರೂ ತಪ್ಪು. ಕೋಪ ನನಗೆ ಮೂಗಿನ ತುದಿಯಲ್ಲೇ ಇದೆ, ನಿಜ. ಆದರೆ ಕೂಸಿನ ಮೇಲೆ ಕೋಪ ಬರಲಿಲ್ಲ, ಸಂಕಟವಾಯಿತು. ಅಡುಗೆಮನೆಯಲ್ಲಿ ಅವಳಮ್ಮ ಅವಳಿಗೆ ತಿನ್ನಿಸುವಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ‘ಸಾಕಾ?’ ಎಂದು ಅಮ್ಮ ಕೇಳುವುದು, ‘ಸಾಕು’ ಎಂದು ಮಗಳು ಹೇಳುವುದು, ‘ಇದೊಂದೇ ತುತ್ತು ಕಂದ’ ಎಂದು ಅಮ್ಮ ಮತ್ತೆ ತುರುಕುವುದು. ಆ ಒಂದೇ ತುತ್ತು ತಟ್ಟೆ ಬರಿದಾಗುವವರೆಗೂ ಮುಗಿಯುತ್ತಿರಲಿಲ್ಲ.

ಪಾರ್ಕಿಗೆ ಹೋಗುವ ದಾರಿಯಲ್ಲಿ ನನ್ನ ತಮ್ಮ ಬಸ್ಸಿನ ಕಿಟಕಿಯಾಚೆ ನೋಡುತ್ತ, ನನ್ನ ಮುಖ ತಪ್ಪಿಸಿ ವಿಷಯ ತೆಗೆದ.

“ಅಕ್ಕ, ಬೇಜಾರ್ ಮಾಡ್ಕೋಬೇಡ. ಆಸ್ಪತ್ರೆ ಪಕ್ಕದಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ಜಾಗ ಒಂದು ಇದೆಯಂತೆ. ಇವತ್ತು ಗುಂಡಿ ನಿನ್ನ ಹತ್ರ ಸ್ವಲ್ಪ ಹೊತ್ತು ಇದ್ರೆ ಸರಿ. ಇಲ್ದಿದ್ರೆ ನಾಳೆಯಿಂದ ಅಲ್ಲಿಗೇ ಬಿಡೋಣ.”

ನೀವು ಹೇಗೆ ಹೇಳಿದರೆ ಹಾಗೆ ಎಂದು ನಾನು ಬಿಗುವಾಗಿ ಹೇಳಿದೆ. ಕಿಟಕಿಯ ಪಕ್ಕದಲ್ಲಿ ನನ್ನ ಮಿಷನ್ನು ಒಂದೇ ಕೂತಿರುವುದು, ಎದುರಿಗೆ ಖಾಲಿ ನೆಲ, ಎಲ್ಲ ಕಣ್ಣಿಗೆ ಕಟ್ಟಿತು. ನನಗೆ ಆ ಕೂಸು ಬೇಕಿತ್ತು. ಬಾಯಿಬಿಟ್ಟು ಕೇಳುವುದಕ್ಕೆ ಮಾತ್ರ ಬಿಂಕ.

ಪಾರ್ಕಿನಲ್ಲಿ ಪ್ರತಿ ಆಟದ ಬಾಗಿಲಲ್ಲೂ ಬಣ್ಣದ ಜಿರಾಫೆಯೊಂದು ಕೈ ಚಾಚಿ ನಿಂತಿತ್ತು. ಅದರ ಕೈಗೆ ತಲೆ ತಾಗಿದವರಿಗೆ ಒಳಗೆ ಪ್ರವೇಶ. ಗುಂಡಿ ಅದರ ಮೊಣಕಾಲಿಗೂ ಬರಲಿಲ್ಲ. ಆದರೆ ಅವಳಿಗೆ ಅದೇನೂ ಅವಮಾನವೆನಿಸಲಿಲ್ಲ. ಜಿರಾಫೆಯ ಕೈಕೆಳಗೆ ನುಸುಳಿ ಆಚೆ ಹೋಗುವುದು, ಈಚೆ ಬರುವುದು, ಅದನ್ನೇ ಒಂದು ಆಟ ಮಾಡಿಕೊಂಡಳು. ಬಾಗಿಲು ಕಾಯುವವನು ಅವಳಿಗೂ ಒಂದು ಸಲ ಸಲಾಮು ಹೊಡೆದ. ಅಲ್ಲಿಂದ ಮುಂದೆ ಕಪ್ಪೆಯ ಬಾಯಿಯ ಕಸದ ಡಬ್ಬಿ ಕಂಡಿತು. ಅಷ್ಟು ದೊಡ್ಡ ಪಾರ್ಕಿನಲ್ಲಿ, ತಲೆಯ ಮೇಲೆ ಜನ ಚೀರುತ್ತ ಹಾರುತ್ತಿದ್ದರೂ, ಅವಳಿಗೆ ಮೆಚ್ಚಿಕೆಯಾದದ್ದು ಆ ಡಬ್ಬಿ. ಕಪ್ಪೆಗೆ ಒಂದು ಎಲೆ ತಿನ್ನಿಸಿದಳು, ಬಾಟಲಿಯ ಮುಚ್ಚಳ ತಿನ್ನಿಸಿದಳು, ನಾವು ನೋಡನೋಡುತ್ತಿದ್ದಂತೆ ತನ್ನ ಎಡಗಾಲಿನ ಬೂಟನ್ನೂ ತಿನ್ನಿಸಿಬಿಟ್ಟಳು. ಲಿಫ್ಟಿನ ಗುಂಡಿಯೊಳಗೆ ಇಳಿದು ಅಭ್ಯಾಸವಿದ್ದ ನನ್ನ ತಮ್ಮ ಭುಜದವರೆಗೆ ಕೈ ಹಾಕಿ ಅದನ್ನು ಹೊರತೆಗೆದ. ಅವಳಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ನಾಳೆಯ ಯೋಚನೆಯೂ ಆ ಕಣ್ಣೀರಿನಲ್ಲಿ ಸ್ವಲ್ಪ ಬೆರೆತಿತ್ತು ಎಂದು ನನಗೆ ಗೊತ್ತಾಯಿತು.

ನೀವಿಬ್ಬರೂ ಹೋಗಿ ಆ ದೊಡ್ಡ ರೋಲರ್ ಕೋಸ್ಟರ್ ಹತ್ತಿ ಬನ್ನಿ, ಇವಳನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಇದೇ ಪರೀಕ್ಷೆ ಎಂದು ಮೂವರಿಗೂ ಗೊತ್ತಿತ್ತು. ಅವರು ಸಾಲಿನಲ್ಲಿ ಹೋಗಿ ನಿಂತರು. ನಾನು ಗುಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತೆ. ಸುತ್ತಲೂ ನಮ್ಮಂಥವರೇ. ಒಬ್ಬ ತಾತ ನಿದ್ದೆಹೋದ ಕೂಸಿನ ತಳ್ಳುಗಾಡಿಯನ್ನು ಕಾಲಿನಲ್ಲಿ ತೂಗುತ್ತಿದ್ದರು, ಒಬ್ಬಳು ತಾಯಿ ಎದೆಗವಚಿಕೊಂಡ ಹಸುಗೂಸಿನ ತಲೆಗೆ ಟೋಪಿ ಹಿಡಿದು ನೆರಳು ಮಾಡುತ್ತಿದ್ದಳು.

ತಮ್ಮನೂ ಅವನ ಹೆಂಡತಿಯೂ ಕೂತ ಗಾಡಿ ಕಟಕಟ ಸದ್ದು ಮಾಡುತ್ತ ಏರತೊಡಗಿತು. ತುದಿಯಲ್ಲಿ ಒಂದು ಗಳಿಗೆ ನಿಂತಿತು. ನನ್ನ ಜೀವ ಕೈಯಲ್ಲಿತ್ತು. ಹೆದರಿಕೆಯಾದರೆ ನನ್ನ ಕಾಲು ತಾನಾಗಿಯೇ ಮಿಷನ್ನು ತುಳಿಯುತ್ತದೆ, ಮಿಷನ್ನು ಇರಲಿ ಇಲ್ಲದಿರಲಿ. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ತೊಡೆಯ ಮೇಲಿದ್ದ ಗುಂಡಿ ದಡದಡ ಕುಣಿದಳು. ನನಗೆ ಅದರ ಪರಿವೆಯೇ ಇರಲಿಲ್ಲ.

“ಸಾಕು” ಎಂದಳು.

ಶುರುವಾಯಿತಲ್ಲಪ್ಪ ಎಂದು ಕಾಲು ನಿಲ್ಲಿಸಿದೆ. ಅವಳ ತುಟಿ ಮುಂದೆ ಬಂತು. “ಸಾಕು, ಸಾಕು” ಎಂದು ನನ್ನ ಮೊಣಕಾಲಿಗೆ ಹೊಡೆದಳು. ನಿಲ್ಲಿಸಿದ್ದೀನಲ್ಲೇ ತಾಯಿ, ನಿಂತದ್ದನ್ನು ಇನ್ನು ಹೇಗೆ ನಿಲ್ಲಿಸಲಿ ಎಂದೆ. ಕಣ್ಣಲ್ಲಿ ನೀರು ತುಂಬಿಕೊಂಡಳು. ಅಷ್ಟರಲ್ಲಿ ಗಾಡಿ ಮೇಲಿನಿಂದ ಧುಮುಕಿತು, ಅಷ್ಟೂ ಜನ ಕಿರುಚಿದರು, ನನ್ನ ಕಾಲು ಮತ್ತೆ ನನ್ನ ಕೈತಪ್ಪಿ ತುಳಿಯತೊಡಗಿತು. ಗುಂಡಿ ಅಳುವನ್ನು ಅರ್ಧಕ್ಕೇ ಬಿಟ್ಟು ಹಲ್ಲೆಲ್ಲ ತೋರಿಸಿ ನಕ್ಕಳು. ಕಣ್ಣೀರು ಇನ್ನೂ ಕೆನ್ನೆಯ ಮೇಲೇ ಇತ್ತು. “ಸಾಕು” ಎಂದಳು. ನಿಲ್ಲಿಸಿದರೆ ಅಳು. ತುಳಿದರೆ ನಗು, ಮತ್ತೆ ಸಾಕು.

ಆಗ ನನ್ನ ಮಂಡೆಗೆ ಹೊಳೆಯಿತು. ಈ ಮಗು ಮಾತು ಕಲಿತದ್ದು ಊಟದ ತಟ್ಟೆಯ ಎದುರಿಗೆ. ಸಾಕು ಎಂದಾಗಲೆಲ್ಲ ಅವಳಿಗೆ ಇನ್ನೊಂದು ತುತ್ತು ಬಂದಿದೆ. ಆ ಮನೆಯಲ್ಲಿ ಸಾಕು ಎಂದರೆ ನಿಲ್ಲಿಸಿದವರೇ ಇಲ್ಲ, ನನ್ನೊಬ್ಬಳನ್ನು ಬಿಟ್ಟು. ಇನ್ನಷ್ಟು ತೂಗು ಎಂದು ಪಾಪ ಅದು ಬಾಯಿಬಿಟ್ಟು ಬೇಡಿದಾಗಲೆಲ್ಲ ನಾನು ನೆಲದ ಮೇಲಿಟ್ಟು ಕೈ ಝಾಡಿಸಿಕೊಂಡಿದ್ದೆ. ನನ್ನ ತೊಡೆ ಅವಳಿಗೆ ಮೊದಲ ದಿನದಿಂದಲೂ ಇಷ್ಟವಾಗಿತ್ತು! ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ. ಅಷ್ಟೇ ಅಳುವೂ ಬಂತು. ಪಕ್ಕದ ತಾತ ಕರವಸ್ತ್ರ ಕೊಡಲು ಬಂದರು, ಧೂಳು ಎಂದೆ.

ಆಮೇಲೆ ನಾನು ತುಳಿದದ್ದೇ ತುಳಿದದ್ದು. ನೇರ ಹೊಲಿಗೆ, ತಿರುವು, ದಪ್ಪ ಬಟ್ಟೆಗೆ ನಿಧಾನ, ತೆಳು ಬಟ್ಟೆಗೆ ಜೋರು. ಜಿರಾಫೆಯ ಅಪ್ಪಣೆ ಬೇಕಿಲ್ಲದ ಆಟ ಪಾರ್ಕಿನಲ್ಲಿ ಅದೊಂದೇ ಇತ್ತು.

ಗಂಡ ಹೆಂಡತಿ ಕೂದಲು ಕೆದರಿಕೊಂಡು ಓಡುತ್ತ ಬಂದರು. ಅಳು ಕೇಳಿಸುತ್ತದೆ ಎಂದು ಕಿವಿಗೊಟ್ಟುಕೊಂಡೇ ಬಂದಿದ್ದರು ಪಾಪ. ಅಮ್ಮ ಎರಡೂ ಕೈ ಚಾಚಿದಳು. ಗುಂಡಿ ಅಮ್ಮನನ್ನು ನೋಡಿದಳು, ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅತ್ತೆ ಅನ್ನು ಎಂದು ಆವರೆಗೆ ಎಷ್ಟು ಹೇಳಿಕೊಟ್ಟರೂ ಬಾರದಿದ್ದ ಶಬ್ದವೊಂದು ಅವಳ ಬಾಯಿಂದ ಬಂತು.

“ತತ್ತೆ ಸಾಕು.”

ಅವಳಮ್ಮನ ಮುಖ ಸಪ್ಪಗಾಯಿತು. ತಮ್ಮ ಗಂಟಲು ಸರಿಮಾಡಿಕೊಂಡ. ಆ ಇನ್ನೊಂದು ಜಾಗದ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ತಡೆಯಿರಿ ಎಂದು ಕಣ್ಣಲ್ಲೇ ಹೇಳಿ ನಾನು ಕಾಲು ನಿಲ್ಲಿಸಿದೆ. ಗುಂಡಿ ನನ್ನ ಮೊಣಕಾಲಿಗೆ ಗುದ್ದಿ, ಸಾಕು ಎಂದು ಕೂಗಿದಳು. ತುಳಿದೆ. ಕಿಲಕಿಲ ನಕ್ಕಳು.

ನರ್ಸಮ್ಮನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಅವಳು ನನ್ನ ಪಕ್ಕದಲ್ಲಿ ಕುಸಿದು ಕೂತು ಬಾಯಿಗೆ ಕೈ ಅಡ್ಡ ಹಿಡಿದಳು.

“ಅಯ್ಯೋ ಅಕ್ಕ, ಇದು ನಾನು ತುತ್ತು ತುರುಕಿ ಕಲಿಸಿದ್ದು. ಹಾಗಾದ್ರೆ ಇಷ್ಟು ದಿನ ಇವಳು ನಿಮ್ಮನ್ನ ಬೇಡ ಅಂದೇ ಇಲ್ಲ.”

ಇಲ್ಲವೆಂದು ತಲೆಯಾಡಿಸಿದೆ. ಗುಂಡಿ ಕುತ್ತಿಗೆ ಎತ್ತಿ ನನ್ನನ್ನೇ ನೋಡುತ್ತ ಮತ್ತೊಮ್ಮೆ ತತ್ತೆ ಸಾಕು ಎಂದಳು. ತಮ್ಮ ನಗುತ್ತ ಅವಳ ಬೂಟಿನ ಪಟ್ಟಿ ಕಟ್ಟಿದ.

“ಕೇಳಿಸ್ತಾ ಅಕ್ಕ? ಸಾಕು ಅಂತಿದಾಳೆ. ಏನ್ ಹೇಳ್ತೀಯ?”

“ಹೇಳೋದೇನಿದೆ” ಎಂದೆ. “ಸಾಕ್ತೀನಿ.”