ದೋಣಿಮನೆಗೆ ಹೋಗದವಳು

ವರ್ನೀಸ್ ಟಾಲಿವರ್ ಏಳು ಹಾರರ್ ಚಿತ್ರಗಳಲ್ಲಿ ಸತ್ತಿದ್ದಳು. ಏಳರಲ್ಲೂ ಮೊದಲ ಹೆಣ ಅವಳದೇ. ಬಿಳಿ ಹುಡುಗಿಯರಲ್ಲಿ ಒಬ್ಬಳಾದರೂ ಕೊನೆಯ ರೀಲಿನವರೆಗೆ ಕಿರುಚಾಡಿ ಬದುಕಿಕೊಳ್ಳುತ್ತಿದ್ದಳು. ಕಪ್ಪು ಹುಡುಗಿಯಾದ ಇವಳು ಒಂದು ತಮಾಷೆಯ ಮಾತಾಡಿ, ಕತ್ತು ಕುಯ್ಯಿಸಿಕೊಂಡು, ಊಟದ ಹೊತ್ತಿಗೆ ಮನೆ ಸೇರುತ್ತಿದ್ದಳು.

ಎಂಬತ್ತೇಳರ ಅಕ್ಟೋಬರಿನಲ್ಲಿ, ಅಮೆರಿಕದ ಜಾರ್ಜಿಯಾದ ಕೆರೆದಂಡೆಯ ಶಿಬಿರದಲ್ಲಿ ಎಂಟನೆಯ ಸಾವಿನ ಚಿತ್ರೀಕರಣ. ಪಾತ್ರದ ಹೆಸರು ಬರೀ ಟಾನ್ಯಾ. ದಂಡೆಯಲ್ಲಿ ದೋಣಿಗಳನ್ನಿಡುವ ದೋಣಿಮನೆಯಲ್ಲಿ ಸದ್ದಾಗುತ್ತದೆ, ಟಾನ್ಯಾ ಒಬ್ಬಳೇ ನೋಡಲು ಹೋಗುತ್ತಾಳೆ, ಮುಖವಾಡದವನ ಕೊಡಲಿಗೆ ಸಿಗುತ್ತಾಳೆ.

"ಇವಳು ಯಾಕೆ ಹೋಗ್ತಾಳೆ?" ವರ್ನೀಸ್ ಕೇಳಿದಳು.

"ಸದ್ದು ಕೇಳಿಸ್ತಲ್ಲ," ಎಂದ ನಿರ್ದೇಶಕ ಡ್ವೈಟ್ ಕೆಸ್ಲರ್. ಅವನಿಗಿನ್ನೂ ಇಪ್ಪತ್ತಾರು.

"ನಂಗೂ ಕೇಳಿಸ್ತು. ಅದಕ್ಕೇ ಹೋಗಲ್ಲ. ನಮ್ಮನೇಲಿ ಸದ್ದಾದ್ರೆ ಬಾಗಿಲಿಗೆ ಅಗುಳಿ ಹಾಕ್ತೀವಿ."

"ನೋಡೋರು ಅಷ್ಟೆಲ್ಲ ಯೋಚ್ನೆ ಮಾಡಲ್ಲ."

"ನಮ್ಮೋರು ಮಾಡ್ತಾರೆ. ಮಾಡಿ ಮಾಡಿ ಸಾಕಾಗಿದೆ ಅವರಿಗೆ."

ಸೂರ್ಯ ಪೈನ್ ಮರಗಳ ಹಿಂದೆ ಇಳಿಯುತ್ತಿದ್ದ. ಮರುದಿನ ಶಿಬಿರ ಖಾಲಿ ಮಾಡಬೇಕಿತ್ತು. ಕ್ಯಾಮೆರಾ ಓಡಿತು. ವರ್ನೀಸ್ ಶಿಬಿರದ ಮನೆಯ ಮೆಟ್ಟಿಲವರೆಗೆ ಬಂದಳು, ಸದ್ದಿಗೆ ಕಿವಿಗೊಟ್ಟಳು, ಒಳಗೆ ಹಿಂದಿರುಗಿ ಕಾರಿನ ಕೀಲಿ ತೆಗೆದುಕೊಂಡಳು. ಎರಡನೆಯ ಸಲವೂ ಅದನ್ನೇ ಮಾಡಿದಳು.

"ಇನ್ನೊಂದು ಪಾತ್ರ ಸಿಗದ ಹಾಗೆ ಮಾಡ್ತೀನಿ ನಿಂಗೆ," ಎಂದ ಕೆಸ್ಲರ್.

"ಇಂಥದೇ ಪಾತ್ರ ತಾನೇ? ಸಿಗದಿದ್ರೆ ದೊಡ್ಡ ಉಪಕಾರ ಆಯ್ತು."

ಮೇಕಪ್ಪಿನ ಓಪಲ್ ನಕಲಿ ರಕ್ತದ ಡಬ್ಬಿಗೆ ಮುಚ್ಚಳ ಹಾಕಿದಳು. ಕೊಲೆಗಾರನ ಪಾತ್ರದವನು ಮುಖವಾಡ ಎತ್ತಿ, "ನಾನು ಅವಳ ಹಿಂದೆ ಓಡ್ತೀನಿ ಬಿಡು ಮಾರಾಯ. ಬೆಳಕು ಹೋಗ್ತಿದೆ, ಏನಾದ್ರೂ ತೆಗಿ," ಎಂದ.

ಮೂರನೆಯ ಸಲ ಕೊಡಲಿ ಕಾರಿನ ಡಿಕ್ಕಿಗೆ ಬಿತ್ತು. ವರ್ನೀಸ್ ಧೂಳೆಬ್ಬಿಸಿಕೊಂಡು ಹೊರಟೇ ಹೋದಳು.

ತೆಗೆದ ಬೇರೆ ದೃಶ್ಯವಿಲ್ಲದೆ ಕೆಸ್ಲರ್ ಅದನ್ನೇ ಉಳಿಸಬೇಕಾಯಿತು. ವಸಂತದಲ್ಲಿ ಅಟ್ಲಾಂಟಾದ ಟಾಕೀಸಿನಲ್ಲಿ ವರ್ನೀಸ್ ಮತ್ತು ಓಪಲ್ ಹಿಂದಿನ ಸಾಲಿನಲ್ಲಿ ಕೂತರು. ಟಾನ್ಯಾ ಮೆಟ್ಟಿಲ ಮೇಲೆ ನಿಂತಾಗ ಮುದುಕಿಯೊಬ್ಬಳು, "ಹೋಗ್ಬೇಡ ಕಣಮ್ಮಾ," ಎಂದು ಗೊಣಗಿದಳು. ಟಾನ್ಯಾ ಕೀಲಿಗೆ ಕೈಹಾಕಿದಳು. ಜನ ಶಿಳ್ಳೆ ಹೊಡೆಯುತ್ತ ಎದ್ದೇ ನಿಂತರು. ಮುಂದಿನ ಐದು ನಿಮಿಷ ಪರದೆಯ ಮೇಲಿನ ಯಾವ ಮಾತೂ ಯಾರಿಗೂ ಕೇಳಿಸಲಿಲ್ಲ.

ಎರಡು ವರ್ಷ ಕರೆದವರೆಲ್ಲ ಸಾಯಲಿಕ್ಕೇ ಕರೆದರು. ಅವಳು ಚಿತ್ರಕಥೆಗಳನ್ನು ಅದೇ ಲಕೋಟೆಯಲ್ಲಿ ವಾಪಸು ಕಳಿಸಿದಳು. ಸವಾನಾ ನಗರದ ರಂಗಮಂದಿರವೊಂದರಲ್ಲಿ ಹಗಲು ಟಿಕೆಟ್ ಕೊಡುತ್ತಿದ್ದಳು, ಸಂಜೆ ನಟಿಸುತ್ತಿದ್ದಳು.

"ಕಾರು ಹತ್ತಿ ಹೋದೋರು ನೀವೇ ಅಲ್ವಾ?" ಎಂದು ಕಿಟಕಿಯಲ್ಲಿ ಆಗಾಗ ಯಾರಾದರೂ ಕೇಳುತ್ತಿದ್ದರು.

"ನಾನೇ," ಎನ್ನುತ್ತಿದ್ದಳು. "ಎಷ್ಟು ಟಿಕೆಟ್ ಬೇಕು?"