ಇಂದ್ರಾಬಾಯಿಯ ಈಳಿಗೆ

“ಗಾಲಿ ಕೆಳಗಿಡು” ಎಂದಳು ಮಲ್ಲಕ್ಕ, ಮೈದುನನಿಗೆ.

ಸಾಯಬಣ್ಣ ಇಡಲಿಲ್ಲ. ಸತ್ತ ಅಣ್ಣ ಮರೆಪ್ಪನ ಸಾಣೆಗಾಲಿಯನ್ನು ಕಟ್ಟಿಗೆಯ ಚೌಕಟ್ಟಿನ ಸಮೇತ, ತೊಗಲಿನ ಪಟ್ಟಿಯಿಂದ ಹೆಗಲಿಗೆ ಹಾಕಿಕೊಂಡು ಚಾಳಿನ ಅಂಗಳದಲ್ಲಿ ನಿಂತಿದ್ದ. ರೈಲ್ವೆ ಮುಷ್ಕರ ಮುಗಿದು ಮುಂಬಯಿಯ ಲೋಕಲ್ ರೈಲು ಓಡತೊಡಗಿದ್ದೇ ಬೊರಿವಲಿಯಿಂದ ಜೋಗೇಶ್ವರಿಗೆ ಬಂದವನು, ನಿನ್ನೆ ಸಂಜೆ ಎರಡು ಮನೆಯ ಈಳಿಗೆಗಳಿಗೆ ಸಾಣೆ ಹಿಡಿದು, ಗಾಲಿ ಇನ್ನು ತನ್ನದೆಂದು ಸಾರಿದ್ದ.

“ವೈನಿ, ಹೆಣ್ಣಮಗಳು ಗಾಲಿ ತುಳಕೋತ ಓಣಿ ಓಣಿ ತಿರಗಿದ್ರ ಮಂದಿ ನನ್ನ ಮಾರಿಗೆ ಉಗುಳತಾರ. ಬಿಲ್ಡಿಂಗ್‌ದಾಗ ಭಾಂಡಿ ತಿಕ್ಕೂ ಕೆಲಸ ನೋಡೇನಿ ನಿನಗ.”

“ಹೋದ ವರ್ಷೆಲ್ಲಾ ತುಳದಾಕಿ ಯಾರು? ನಿಮ್ಮಣ್ಣಗ ತುಳಿಯಾಕ ಉಸರ ಇರಲಿಲ್ಲ. ಅಂವ ಮಂದಿ ಬಾಗಲದಾಗ ನಿಂತು ಬರೇ ‘ಸಾಣಿ, ಸಾಣಿ’ ಅಂತ ಕೂಗತಿದ್ದ. ಆವಾಗ ಎಲ್ಲಿತ್ತೋ ನಿನ್ನ ಮಾರಿ?”

“ಅಂವ ಇದ್ದಾಗಿನ ಮಾತು ಬ್ಯಾರೆ.”

ಅಷ್ಟರಲ್ಲಿ ಮೂರನೇ ಖೋಲಿಯ ಇಂದ್ರಾಬಾಯಿ ತನ್ನ ಈಳಿಗೆಮಣೆಯನ್ನು ತಂದು ಅವನ ಕಾಲ ಬಳಿ ಕುಕ್ಕಿದಳು.

“ಏ ಶಾಣ್ಯಾ, ನೋಡಿಲ್ಲೆ! ಬದನಿಕಾಯಿ ಸೈತ ಜಾರತೈತಿ. ಈಳಗಿ ಕೊಟ್ರ ಫೂಟಪಟ್ಟಿ ಹಂಗ ನೆಟ್ಟಗ ಮಾಡಿ ಇಟ್ಟೀಯಲ್ಲೋ!”

ಅಲಗನ್ನು ಕಲ್ಲಿನ ಅಗಲ ಮೈಗೆ ಒತ್ತಿ ಅವನು ಅದರ ಬಾಗನ್ನೇ ತಿಂದುಹಾಕಿದ್ದ. ಕಲ್ಲಿನ ಎಡ ಅಂಚು ಹದಿನೈದು ವರ್ಷ ಈಳಿಗೆಗಳ ಒಳಬಾಗಿಗೆ ತಾಗಿ ತಾಗಿ ಗುಂಡಗೆ ಸವೆದಿತ್ತು. ಹಾಗೇಕಿದೆ ಎಂದು ಅವನು ಯಾರನ್ನೂ ಕೇಳಿರಲಿಲ್ಲ.

ಮಲ್ಲಕ್ಕ ಗಾಲಿಯನ್ನು ಅವನ ಹೆಗಲಿನಿಂದ ಎಳೆದು ಇಳಿಸಿದಳು. ಸೆರಗು ಸಿಕ್ಕಿಸಿ, ಈಳಿಗೆಮಣೆಯನ್ನು ಎರಡೂ ಕೈಯಲ್ಲಿ ಹಿಡಿದು, ಗಾಲಿ ತುಳಿದಳು. ಬಾಗಿದ ಅಲಗು ಆ ಗುಂಡು ಅಂಚಿನ ಮೇಲೆ ಕೂತಿತು. ಕಿಡಿಗಳು ಸಾಯಬಣ್ಣನ ಟೆರಿಲಿನ್ ಪ್ಯಾಂಟಿಗೆ ಹಾರಿದವು.

“ಮೈಮ್ಯಾಲೆ ಬೆಂಕಿ ಹಾರಸ್ತಿ?”

“ದೂರ ನಿಂದ್ರು.”

ತುಳಿತ ನಿಧಾನವಾಗಲಿಲ್ಲ. ಬಾಗು ಮತ್ತೆ ಕಾಣಿಸಿಕೊಳ್ಳುವವರೆಗೂ ಅವಳು ತಲೆ ಎತ್ತಲಿಲ್ಲ.

“ಆತು, ಸಾಣಿ ಹಿಡದಿ” ಎಂದ ಸಾಯಬಣ್ಣ, ಪ್ಯಾಂಟು ಕೊಡವುತ್ತ. “ಹೊರಾವ್ರು ಯಾರು? ಅಣ್ಣನ ಅಳತಿ ಪಟ್ಟಿ ಅದು. ಗಾಲಿ ನಿನ್ನ ಮೊಣಕಾಲಿಗೆ ಬಡೀತೈತಿ.”

ಮಲ್ಲಕ್ಕ ಪಟ್ಟಿಯ ಒಂದು ತುದಿಯನ್ನು ಚೌಕಟ್ಟಿನಿಂದ ಬಿಚ್ಚಿದಳು. ಈಳಿಗೆಮಣೆಯ ಮೇಲೆ ಕೂತು, ತೊಗಲನ್ನು ಅಲಗಿಗೆ ಆನಿಸಿ ಮುಂದಕ್ಕೆ ಒತ್ತಿದಳು. ಸದ್ದಾಗಲಿಲ್ಲ. ಒಂದು ಮೊಳ ತೊಗಲು ಕೆಳಗೆ ಬಿತ್ತು.

ಉಳಿದದ್ದನ್ನು ಚೌಕಟ್ಟಿಗೆ ಬಿಗಿದು ಕಟ್ಟಿ, ಗಾಲಿಯನ್ನು ಹೆಗಲಿಗೇರಿಸಿದಳು. ಇಂದ್ರಾಬಾಯಿ ಈಳಿಗೆ ಎತ್ತಿಕೊಂಡು ದಾರಿ ಬಿಟ್ಟಳು. ಓಣಿಯ ತಿರುವಿನವರೆಗೂ, ಮಲ್ಲಕ್ಕನ ಸೊಂಟದ ಬಳಿ, ಗಾಲಿ ತನ್ನಷ್ಟಕ್ಕೆ ತಿರುಗುತ್ತಿತ್ತು.